ಲಾಂಡ್ರಿಯ ಮೂಲೆಯ ಲೇಡಿ ಬಗ್

ಪ್ಯಾಕ್‌ಮ್ಯಾನ್ ಹೆಸರು ಕೇಳದವರಿಲ್ಲ. ಅದು ಬಂದ ಮರುವರ್ಷ, 1981ರಲ್ಲಿ, ಜಪಾನಿನ ಯೂನಿವರ್ಸಲ್ ಕಂಪನಿ ತಂದ ಲೇಡಿ ಬಗ್ ಅಂದರೆ ಮಾತ್ರ ಈಗ ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ. ಅಯೋವಾದ ಏಮ್ಸ್‌ನಲ್ಲಿ ಓದಲು ಹೋಗಿ ಒಂದೇ ಮನೆಯಲ್ಲಿದ್ದ ನಾವು ನಾಲ್ವರು ಕನ್ನಡದ ಹುಡುಗರಿಗೆ ಶನಿವಾರವೆಂದರೆ ಆ ಆಟವೇ.

ಬಟ್ಟೆ ಒಗೆಯಲು ಹೋಗುತ್ತಿದ್ದ ಲಾಂಡ್ರಿಯಲ್ಲಿ, ಡ್ರೈಯರ್‌ಗಳ ಸಾಲು ಮುಗಿಯುವ ಮೂಲೆಯಲ್ಲಿ ಅದರ ಪೆಟ್ಟಿಗೆ ನಿಂತಿತ್ತು. ಒಗೆಯುವ ಮಷಿನ್‌ಗೂ ಕ್ವಾರ್ಟರ್, ಆಟಕ್ಕೂ ಕ್ವಾರ್ಟರ್. ಅಸಿಸ್ಟೆಂಟ್‌ಶಿಪ್ ದುಡ್ಡಿನಲ್ಲೇ ತಿಂಗಳು ದೂಡಬೇಕಿದ್ದ ನಮಗೆ ಇಪ್ಪತ್ತೈದು ಸೆಂಟು ಸಣ್ಣದಲ್ಲ. ಜೀನ್ಸ್ ಒದ್ದೆಯಾಗಿಯೇ ಮನೆಗೆ ಹೊತ್ತು ತಂದು ಹೀಟರ್ ಮೇಲೆ ಹರವಿ, ಡ್ರೈಯರ್‌ನ ಕ್ವಾರ್ಟರ್ ಉಳಿಸಿ ಆಟಕ್ಕೆ ಹಾಕುತ್ತಿದ್ದೆವು. ಆಡುವವನು ಒಬ್ಬ, ಹಿಂದೆ ನಿಂತು ಕೂಗುವವರು ಮೂವರು.

ಮೇಲ್ನೋಟಕ್ಕೆ ಇದೂ ಪ್ಯಾಕ್‌ಮ್ಯಾನೇ: ಚಕ್ರವ್ಯೂಹದಲ್ಲಿ ಚುಕ್ಕೆ ತಿನ್ನುತ್ತ ಓಡುವುದು, ಬೆನ್ನಟ್ಟಿ ಬಂದ ಹುಳುಗಳಿಂದ ತಪ್ಪಿಸಿಕೊಳ್ಳುವುದು. ಆದರೆ ಇಲ್ಲಿನ ವ್ಯೂಹಕ್ಕೆ ತಿರುಗುವ ಹಸಿರು ಬಾಗಿಲುಗಳಿವೆ. ನಮ್ಮ ಗುಲಗಂಜಿ ಹುಳು ತಳ್ಳಿಕೊಂಡು ಹೋದರೆ ಬಾಗಿಲು ತಿರುಗುತ್ತದೆ; ಇದ್ದ ದಾರಿ ಮುಚ್ಚಿ, ಇಲ್ಲದ ದಾರಿ ತೆರೆಯುತ್ತದೆ. ಶತ್ರುಗಳು ಆ ಬಾಗಿಲನ್ನು ಅಲುಗಿಸಲಾರವು. ಇನ್ನೇನು ಬೆನ್ನಿಗೇ ಬಂತು ಅನ್ನುವಷ್ಟರಲ್ಲಿ ಬಾಗಿಲು ದಾಟಿಬಿಟ್ಟರೆ, ಶತ್ರು ಆಚೆ ಕಡೆ ಗೋಡೆ ಎದುರಿಸಿ ಬೇರೆ ದಾರಿ ಹಿಡಿಯಬೇಕು. ಆ ಗಳಿಗೆಯ ಸುಖ ಆಡಿದವರಿಗೇ ಗೊತ್ತು.

ಪ್ಯಾಕ್‌ಮ್ಯಾನ್‌ನಲ್ಲಿ ದೊಡ್ಡ ಗುಳಿಗೆ ನುಂಗಿದರೆ ದೆವ್ವಗಳನ್ನೇ ಅಟ್ಟಿಸಿಕೊಂಡು ಹೋಗಿ ತಿನ್ನಬಹುದು. ಇಲ್ಲಿ ಆ ವರ ಇಲ್ಲ. ಆಟದುದ್ದಕ್ಕೂ ಓಡುವವರು ನಾವೇ. ಅಲ್ಲಲ್ಲಿ ಬಿದ್ದಿರುವ ತಲೆಬುರುಡೆ ತಗುಲಿದರೆ ನಮಗೂ ಸಾವು, ಹುಳುವಿಗೂ ಸಾವು. ಹಾಗಾಗಿ ಅವುಗಳನ್ನು ಬುರುಡೆಯತ್ತ ಎಳೆದು ತರುವುದೊಂದೇ ನಮ್ಮ ಎದುರೇಟು. ನನಗೆ ಇಂದಿಗೂ ಈ ಆಟ ಹೆಚ್ಚೆನಿಸುವುದು ಇದಕ್ಕೇ. ಬಲಕ್ಕೆ ಇಲ್ಲಿ ಜಾಗವಿಲ್ಲ, ಪೂರ್ತಿ ಉಪಾಯದ ಮೇಲೆ ನಿಂತ ಆಟ.

ಚೌಕಟ್ಟಿನ ಸುತ್ತ ಪುಟ್ಟ ಚೌಕಗಳು ಒಂದೊಂದಾಗಿ ಬಣ್ಣ ಬದಲಿಸುತ್ತ ಗಡಿಯಾರದಂತೆ ಸುತ್ತುತ್ತವೆ. ಒಂದು ಸುತ್ತು ಮುಗಿದರೆ ನಡುವಿನ ಗೂಡಿನಿಂದ ಇನ್ನೊಂದು ಹುಳು ಹೊರಗೆ. ನಾಲ್ಕೂ ಬಂದ ಮೇಲೆ ಖಾಲಿ ಗೂಡಿನಲ್ಲಿ ತರಕಾರಿ ಕಾಣಿಸಿಕೊಳ್ಳುತ್ತದೆ. ತಿಂದರೆ ಸ್ವಲ್ಪ ಹೊತ್ತು ಶತ್ರುಗಳೆಲ್ಲ ಇದ್ದಲ್ಲೇ ಸ್ತಬ್ಧ. ಮೊದಲ ಹಂತಕ್ಕೆ ಸೌತೆಕಾಯಿ, ಸಾವಿರ ಅಂಕ. ಎರಡನೆಯದಕ್ಕೆ ಬದನೆಕಾಯಿ, ಒಂದೂವರೆ ಸಾವಿರ. ಬದನೆಕಾಯಿ ಕಂಡ ಕೂಡಲೇ ಧಾರವಾಡದವನಿಗೆ ಎಣಗಾಯಿ ನೆನಪಾಗಿ, ಆಟ ನಡೆಯುತ್ತಿರುವಾಗಲೇ ಅವರಮ್ಮನ ಅಡುಗೆಯ ವರ್ಣನೆ ಶುರು. ಮಂಡ್ಯದವನು "ಸುಮ್ನಿರೋ ಮಾರಾಯ, ಹುಳ ಬಂತು" ಎಂದು ಗದರುತ್ತಿದ್ದ. ಧಾರವಾಡದವನು ತಿರುಗಿ "ಬಾಗ್ಲಾ ಹಾಕಲೇ, ಬಾಗ್ಲಾ!" ಎಂದು ಕೂಗುತ್ತಿದ್ದ. ಬಟ್ಟೆ ಮಡಚುತ್ತಿದ್ದ ಅಮೆರಿಕನ್ ಹೆಂಗಸರು ನಕ್ಕು ಸುಮ್ಮನಾಗುತ್ತಿದ್ದರು.

ನಿಜವಾದ ಗಲಾಟೆ ವ್ಯೂಹದಲ್ಲಿ ಅಲ್ಲಲ್ಲಿ ಸಿಗುವ ಅಕ್ಷರಗಳದ್ದು. ಅವು ಕೆಂಪು, ಹಳದಿ, ನೀಲಿ ಎಂದು ಬಣ್ಣ ಬದಲಿಸುತ್ತಿರುತ್ತವೆ. ಹಳದಿ ಇದ್ದಾಗ ಹಿಡಿದವು 'ಎಕ್ಸ್‌ಟ್ರಾ' ಪದಕ್ಕೆ ಸೇರುತ್ತವೆ. ಆ ಪದ ತುಂಬಿದರೆ ಒಂದು ಜೀವ ಹೆಚ್ಚು. ಕೆಂಪು ಇದ್ದಾಗ ಹಿಡಿದವು 'ಸ್ಪೆಷಲ್' ಪದಕ್ಕೆ. ಅದು ತುಂಬಿದರೆ ಒಂದು ಆಟವೇ ಪುಕ್ಕಟೆ. ಕೆಂಪು ಇರುವುದು ತೀರ ಕಡಿಮೆ ಹೊತ್ತು. ಅಕ್ಷರದ ಪಕ್ಕದಲ್ಲೇ ಸುಳಿದಾಡುತ್ತ, ಹಿಂದೆ ಹುಳು ಹತ್ತಿರವಾಗುತ್ತಿದ್ದರೂ ಬಣ್ಣ ತಿರುಗಲಿ ಎಂದು ಕಾಯುವ ಆ ಎದೆಗಾರಿಕೆ ನಮ್ಮಲ್ಲಿ ಮಂಡ್ಯದವನೊಬ್ಬನಿಗೇ ಇತ್ತು. ಅವನು 'ಸ್ಪೆಷಲ್' ತುಂಬಿಸಿದ ದಿನ ಗೆದ್ದ ಆಟವನ್ನು ತಾನು ಆಡದೆ, ಊರಿಂದ ಕಾಗದ ಬಾರದೆ ಮಂಕಾಗಿ ಕೂತಿದ್ದ ನಮ್ಮ ಶಿವಮೊಗ್ಗದ ಗೆಳೆಯನ ಕೈಗೆ ಕೊಟ್ಟ.

1982ರಲ್ಲಿ ಕೊಲೆಕೋವಿಷನ್ ಎಂಬ ಗೇಮ್ ಯಂತ್ರ ಬಂದು ಲೇಡಿ ಬಗ್ ಮನೆಯ ಟಿವಿಗೂ ಇಳಿಯಿತು. ನಾವು ಅಷ್ಟರೊಳಗೆ ಥೀಸಿಸ್ಸು, ಕೆಲಸ ಎಂದು ಚೆದುರತೊಡಗಿದ್ದೆವು.

ಮತ್ತೆ ಅದು ಸಿಕ್ಕಿದ್ದು ಮೊನ್ನೆ ಮೊನ್ನೆ, ಮಗಳ ಕಂಪ್ಯೂಟರಿನಲ್ಲಿ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಬಿಡುಗಡೆ ಮಾಡಿದ ಮೇಮ್ ಎಂಬ ತಂತ್ರಾಂಶ ಹಳೆಯ ಯಂತ್ರಗಳ ಚಿಪ್‌ಗಳ ಹಾಗೆಯೇ ವರ್ತಿಸುತ್ತದೆ. ಮೂಲ ಆಟ ಅದರೊಳಗೆ ಇದ್ದಂತೆಯೇ ಓಡುತ್ತದೆ. ಬಣ್ಣ ತಿರುಗುವ ಲಯವೂ ನನ್ನ ಬೆರಳಿಗೆ ಗೊತ್ತಿದ್ದದ್ದೇ. ಪರದೆಯ ಫೋಟೋ ತೆಗೆದು ಮೂವರಿಗೂ ಕಳಿಸಿದೆ. ಹುಬ್ಬಳ್ಳಿಯಲ್ಲಿ ಮೊಮ್ಮಕ್ಕಳ ಜೊತೆ ಇರುವ ಧಾರವಾಡದವನಿಂದ ಮೊದಲು ಬಂದ ಉತ್ತರ: "ಬಾಗ್ಲಾ ಹಾಕಿದ್ಯೋ ಇಲ್ಲೋ?" ಈಗ ನಾಲ್ವರೂ ಅವರವರ ಮನೆಯಲ್ಲಿ ಆಡಿ, ಅಂಕ ತೋರಿಸಿ ಜಗಳವಾಡುತ್ತೇವೆ.

ಇದನ್ನು ಪ್ಯಾಕ್‌ಮ್ಯಾನ್‌ನ ನಕಲು ಎಂದು ಬದಿಗೆ ಸರಿಸುವುದು ಅನ್ಯಾಯ. ಒಮ್ಮೆ ಆಡಿ ನೋಡಿ. ಅಕ್ಷರಗಳಂತೆಯೇ ಬಣ್ಣ ಬದಲಿಸುವ ಹೃದಯದ ಗುರುತುಗಳನ್ನು ನೀಲಿಯಾದಾಗಲೇ ಹಿಡಿಯಿರಿ, ಅಂಕ ಎರಡರಷ್ಟು, ಮೂರರಷ್ಟು, ಕೊನೆಗೆ ಐದರಷ್ಟು ಆಗುತ್ತದೆ. ಚುಕ್ಕೆಗಳನ್ನು ಆಮೇಲೆ ತಿನ್ನಿ.