ನಾಣ್ಯಕ್ಕೆ ಕಂಡದ್ದು

ಬೆಳ್ಳಿಗೆ ತನ್ನದು ಅಂತ ಹೇಳಿಕೊಳ್ಳುವ ಬಣ್ಣವೇ ಇಲ್ಲ. ಬೆಳ್ಳಿ ರೂಪಾಯಿಯ ಫೋಟೋ ತೆಗೆಯಲು ಕೂತವರಿಗೆ ಇದು ಬಹಳ ಬೇಗ ತಿಳಿಯುತ್ತದೆ. ಕೆಂಪು ಅಂಗಿ ತೊಟ್ಟು ಬಗ್ಗಿದರೆ ನಾಣ್ಯದ ಒಂದು ಮಗ್ಗುಲು ಕೆಂಪಾಗುತ್ತದೆ. ಕಿಟಕಿ ತೆರೆದರೆ ಆಕಾಶದ ನೀಲಿ ಬಂದು ಕೂರುತ್ತದೆ. ನಮ್ಮ ನಡುಮನೆಯ ಗೋಡೆಗೆ ತಿಳಿಹಸಿರು ಬಳಿಸಿದ್ದೇವೆ. ಅದರ ಎದುರು ಇಟ್ಟರೆ ಐದನೇ ಜಾರ್ಜ್ ದೊರೆಗೆ ಹೊಟ್ಟೆ ಸರಿಯಿಲ್ಲದವನ ಕಳೆ ಬರುತ್ತದೆ. ಕ್ಯಾಮೆರಾ ಹಿಂದೆ ಕೂತವನು ತಾನು ನಾಣ್ಯ ನೋಡುತ್ತಿದ್ದೇನೆ ಅಂದುಕೊಂಡಿರುತ್ತಾನೆ. ಅವನಿಗೆ ಕಾಣುತ್ತಿರುವುದು ನಾಣ್ಯಕ್ಕೆ ಏನೇನು ಕಾಣುತ್ತಿದೆಯೋ ಅದು: ಸೂರು, ಬಲ್ಬು, ಗೋಡೆ, ಬಗ್ಗಿದವನ ಮೂಗು. ಹಾಗಾಗಿ ನನ್ನ ಭಾನುವಾರಗಳೆಲ್ಲ ನಾಣ್ಯದ ಕಣ್ಣಿಗೆ ಏನು ಬೀಳಬೇಕು, ಏನು ಬೀಳಬಾರದು ಅನ್ನುವ ಏರ್ಪಾಟಿನಲ್ಲೇ ಕಳೆಯುತ್ತವೆ.

ನಾಣ್ಯದ ಚಿತ್ರ ಹಿಡಿಯುವ ಚಟಕ್ಕೆ ಕ್ಯಾಮೆರಾನೇ ಬೇಕು ಅಂತಿಲ್ಲ. ನೋಟ್‌ಬುಕ್ಕಿನ ಹಾಳೆಯ ಕೆಳಗೆ ನಾಲ್ಕಾಣೆ ಇಟ್ಟು, ಮೇಲೆ ಪೆನ್ಸಿಲ್ ಓರೆಯಾಗಿ ಉಜ್ಜಿ, ಸಿಂಹಗಳನ್ನು ಎಬ್ಬಿಸದ ಮಕ್ಕಳು ನಮ್ಮ ಕಾಲದಲ್ಲಿ ಕಡಿಮೆ. ಅಲ್ಲಿ ಬೆಳಕಿನ ತಂಟೆ ಇಲ್ಲ. ಉಬ್ಬಿದ್ದೆಲ್ಲ ಕಪ್ಪು, ತಗ್ಗೆಲ್ಲ ಬಿಳಿ. ಘನ ವಿದ್ವಾಂಸರೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನ ಹಳೆಯ ನಾಣ್ಯ ಕ್ಯಾಟಲಾಗುಗಳ ಚಿತ್ರಪುಟ ತೆರೆದರೆ ಅಲ್ಲಿರುವುದು ಬಹುಮಟ್ಟಿಗೆ ನಾಣ್ಯದಿಂದ ಅಚ್ಚು ತೆಗೆದು ಮಾಡಿದ ಪ್ಲಾಸ್ಟರ್ ಬಿಲ್ಲೆಗಳ ಫೋಟೋ. ಪ್ಲಾಸ್ಟರ್ ಹೊಳೆಯುವುದಿಲ್ಲ, ಎದುರಿನ ಗೋಡೆಯನ್ನು ಮೈಮೇಲೆ ಹಚ್ಚಿಕೊಳ್ಳುವುದಿಲ್ಲ. ಚಿನ್ನ, ತಾಮ್ರ, ಬೆಳ್ಳಿ ಮೂರೂ ಒಂದೇ ಸುಣ್ಣದ ಬಿಳುಪು. ಅಕ್ಷರ ಓದುವುದಷ್ಟೇ ಬೇಕಿದ್ದರೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ನನ್ನಂಥವನಿಗೆ ಅಷ್ಟು ಸಾಲದು. ಟಿಪ್ಪುವಿನ ಪೈಸೆಯ ಮೇಲಿನ ಆನೆ ಎಷ್ಟು ಮುಖ್ಯವೋ, ಆ ಆನೆ ಇನ್ನೂರು ವರ್ಷಗಳಲ್ಲಿ ಹೇಗೆ ಕಪ್ಪಿಟ್ಟಿದೆ, ಅದರ ಕಾಲಸಂದಿಯಲ್ಲಿ ಕಿಲುಬು ಎಲ್ಲಿ ಕೂತಿದೆ ಅನ್ನುವುದೂ ನನಗೆ ಅಷ್ಟೇ ಮುಖ್ಯ.

ಸಾಮಾನು ಹೆಚ್ಚೇನೂ ಬೇಡ. ಕ್ಯಾಮೆರಾ ನೆಟ್ಟಗೆ ಕೆಳಕ್ಕೆ ನೋಡುವಂಥ ಒಂದು ಸ್ಟ್ಯಾಂಡ್, ಮ್ಯಾಕ್ರೊ ಲೆನ್ಸ್, ಎರಡು ಟೇಬಲ್ ಲ್ಯಾಂಪು, ಕಪ್ಪು ಬಟ್ಟೆ, ಬೂದು ಕಾರ್ಡು. ಮೊಬೈಲಿನಲ್ಲೂ ಚೆನ್ನಾಗಿ ತೆಗೆಯುವವರಿದ್ದಾರೆ. ಅದನ್ನು ಪುಸ್ತಕಗಳ ಎರಡು ಗುಡ್ಡೆಗಳ ನಡುವೆ ಸೇತುವೆಯಾಗಿ ಮಲಗಿಸಿ, ತುಸು ದೂರವಿಟ್ಟು, ಎರಡು ಪಟ್ಟು ಝೂಮ್ ಮಾಡಿದರೆ ಮೊಬೈಲಿನ ನೆರಳು ನಾಣ್ಯದ ಮೇಲೆ ಬೀಳುವುದಿಲ್ಲ. ಫ್ಲಾಶ್ ಮಾತ್ರ ಯಾವ ಕಾರಣಕ್ಕೂ ಬೇಡ. ಕ್ಯಾಮೆರಾ ನಾಣ್ಯಕ್ಕೆ ಸಮಾನಾಂತರವಾಗಿದೆಯೇ ಅಂತ ನೋಡಲು ಕೆಲವರು ರಸಮಟ್ಟ ತರುತ್ತಾರೆ. ಅದಕ್ಕಿಂತ ಸುಲಭದ ಉಪಾಯವಿದೆ. ನಾಣ್ಯ ಇಡುವ ಜಾಗದಲ್ಲಿ ಚಿಕ್ಕದೊಂದು ಕನ್ನಡಿ ಇಡಿ. ಪರದೆಯಲ್ಲಿ ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುಮಧ್ಯೆ ಬಂದರೆ ಮಟ್ಟವಾಗಿದೆ ಅಂತ ಅರ್ಥ. ಒಂದಿಷ್ಟು ಓರೆಯಾದರೂ ದೊರೆಯ ಕಿರೀಟ ಸ್ಪಷ್ಟ, ಗಡ್ಡ ಮಸುಕು.

ಆಮೇಲೆ ಕೋಣೆ ಕತ್ತಲಾಗಬೇಕು. ಪರದೆ ಎಳೆದು ಟ್ಯೂಬ್‌ಲೈಟ್ ಆರಿಸಿದೊಡನೆ ನನ್ನ ಹೆಂಡತಿಯ ದನಿ ಕೇಳುತ್ತದೆ. "ಮತ್ತೆ ಶುರುವಾಯ್ತಾ? ಬಟ್ಟೆ ಮಡಚ್ಬೇಕು ರೀ, ಲೈಟ್ ಹಾಕಿ." ಹಾಕುವಂತಿಲ್ಲ. ಕಿಟಕಿಯ ಬೆಳಕು ಒಂದು ಬಣ್ಣ, ಟ್ಯೂಬ್‌ಲೈಟು ಇನ್ನೊಂದು, ನನ್ನ ಲ್ಯಾಂಪು ಮತ್ತೊಂದು. ಹಳೆಯ ಕಾಲದ ಬಲ್ಬಿನ ಹಳದಿ ಬೆಳಕು ಸುಮಾರು 2700 ಕೆಲ್ವಿನ್, ನಡುಹಗಲಿನ ಬಿಸಿಲು 5500ರ ಆಸುಪಾಸು, ಅಂಗಡಿಯಲ್ಲಿ 'ಕೂಲ್ ಡೇಲೈಟ್' ಅಂತ ಕೊಡುವ ಎಲ್‌ಇಡಿ 6500. ಕ್ಯಾಮೆರಾ ಇವುಗಳಲ್ಲಿ ಯಾವುದಾದರೂ ಒಂದನ್ನು ಬಿಳಿ ಅಂತ ಒಪ್ಪಿಕೊಳ್ಳಬಲ್ಲದು. ಎರಡು ಒಟ್ಟಿಗೆ ಬಂದರೆ ನಾಣ್ಯದ ಎಡಕ್ಕೆ ಹಳದಿ, ಬಲಕ್ಕೆ ನೀಲಿ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುತ್ತೇನೆ ಅನ್ನುವವರ ತಾಳ್ಮೆ ದೊಡ್ಡದು.

ತಾಮ್ರದ ವಿಷಯಕ್ಕೆ ಬಂದರೆ ಕೆಲ್ವಿನ್ ಲೆಕ್ಕವಷ್ಟೇ ಸಾಲುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರವರೆಗೂ ಅಚ್ಚಾದ ತಾಮ್ರದ ಕಾಸುಗಳು ನನಗೆ ಬಹಳ ಇಷ್ಟ. ಅದರಲ್ಲೂ ಕನ್ನಡದಲ್ಲಿ 'ಮಯಿಲಿ ಕಾಸು' ಅಂತಲೂ ಇಂಗ್ಲಿಷಿನಲ್ಲಿ 'ಕ್ಯಾಶ್' ಅಂತಲೂ ಬರೆದಿರುವವು. ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತರೆ ಕಂದಿನೊಳಗಿನಿಂದ ಒಂದು ಕೆಂಪು ಇಣುಕುತ್ತದೆ. ಅದೇ ಕಾಸನ್ನು ಮಾಮೂಲಿ ಎಲ್‌ಇಡಿ ಬಲ್ಬಿನ ಕೆಳಗೆ ಇಟ್ಟರೆ ಸತ್ತ ಕಂದು. ಬಲ್ಬಿನ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದಕ್ಕೆ ನೂರಕ್ಕೆ ಕೊಟ್ಟ ಅಂಕ. ಸಾಮಾನ್ಯ ಬಲ್ಬಿಗೆ ಎಂಬತ್ತು. ಎಂಬತ್ತು ಅಂದರೆ ಡಿಸ್ಟಿಂಕ್ಷನ್ ಅಲ್ಲವೇ ಅನಿಸಬಹುದು. ಆದರೆ ಆ ಅಂಕ ಎಂಟು ತೆಳುಬಣ್ಣಗಳ ಸರಾಸರಿ. ಗಾಢ ಕೆಂಪಿನ ಪರೀಕ್ಷೆ ಬೇರೆ, ಅದಕ್ಕೆ ಆರ್9 ಅಂತ ಹೆಸರು, ಅದು ಸರಾಸರಿಯಲ್ಲಿ ಸೇರುವುದೇ ಇಲ್ಲ. ಎಂಬತ್ತು ತೆಗೆದ ಎಷ್ಟೋ ಬಲ್ಬುಗಳು ಆರ್9ರಲ್ಲಿ ಸೊನ್ನೆಯ ಹತ್ತಿರ ನಿಂತಿರುತ್ತವೆ. ತಾಮ್ರದ ಜೀವವೆಲ್ಲ ಇರುವುದು ಆ ಕೆಂಪಿನಲ್ಲೇ. ಬಲ್ಬಿನಲ್ಲಿ ಕೆಂಪಿಲ್ಲದಿದ್ದರೆ ಕಾಸು ಎಲ್ಲಿಂದ ತಂದು ಕೊಡಬೇಕು? ತೊಂಬತ್ತೈದು ದಾಟಿದ ಒಂದು ಜೊತೆ ಬಲ್ಬು ಕೊಂಡದ್ದು ನಾನು ಈ ಹವ್ಯಾಸಕ್ಕೆ ಮಾಡಿದ ಖರ್ಚಿನಲ್ಲೆಲ್ಲ ಸಾರ್ಥಕವಾದದ್ದು. ಲೆನ್ಸಿನ ಬಗ್ಗೆ ಹಾಗೆ ಹೇಳಲಾರೆ.

ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಹಳ್ಳಿಯ ಪಂಚಾಯಿತಿ ಯಜಮಾನನಿದ್ದ ಹಾಗೆ. ಎಲ್ಲರನ್ನೂ ಸಮಾಧಾನ ಮಾಡಿ ಒಂದು ನಡುವಿನ ತೀರ್ಪು ಕೊಡುವುದು ಅದರ ಸ್ವಭಾವ. ಚೌಕಟ್ಟಿನ ತುಂಬ ತಾಮ್ರವೇ ಕಂಡಾಗ ಕೆಂಪು ಜಾಸ್ತಿಯಾಯಿತು ಅಂತ ನೀಲಿ ಬೆರೆಸುತ್ತದೆ. ಬೆಳ್ಳಿ ರೂಪಾಯಿಯನ್ನು ತೇಗದ ಮೇಜಿನ ಮೇಲಿಟ್ಟರೆ ಮೇಜಿನ ಕಂದನ್ನು ತಗ್ಗಿಸಲು ಹೋಗಿ ರೂಪಾಯಿಯನ್ನು ನೀಲಿ ಮಾಡುತ್ತದೆ. ಅದರ ಕೈಗೆ ಕೊಡದೆ, ನಾಣ್ಯವಿಡುವ ಜಾಗದಲ್ಲಿ ಮೊದಲು ಬೂದು ಕಾರ್ಡು ಇಟ್ಟು, ಇದೇ ಬೂದು ಅಂತ ಅದಕ್ಕೆ ಹೇಳಿಕೊಟ್ಟು, ಆಮೇಲೆ ನಾಣ್ಯ ಇಡುವುದು ಕ್ಷೇಮ. ಎಕ್ಸ್‌ಪೋಷರಿನಲ್ಲೂ ಇದೇ ಕಥೆ. ಬಿಳಿ ಹಾಳೆ ಹಾಸಿದರೆ ಹಾಳೆಯನ್ನು ಬೂದು ಮಾಡುವ ಹಟದಲ್ಲಿ ನಾಣ್ಯ ಕಪ್ಪಾಗುತ್ತದೆ. ಕಪ್ಪು ಮಖಮಲ್ಲು ಹಾಸಿದರೆ ನಾಣ್ಯ ಬೆಳಗಿ ಬಿಳಿಚಿಕೊಳ್ಳುತ್ತದೆ. ಮ್ಯಾನುಯಲ್ಲಿಗೆ ತಿರುಗಿಸಿ ನಾಣ್ಯದ ಮೇಲಷ್ಟೇ ಕಣ್ಣಿಟ್ಟರೆ ಆಯಿತು.

ಇಷ್ಟೆಲ್ಲ ಆದ ಮೇಲೆ ನಿಜವಾದ ಸುಖ ಶುರು. ಲ್ಯಾಂಪಿನ ಕುತ್ತಿಗೆ ಹಿಡಿದು ಬೆಳಕನ್ನು ನಾಣ್ಯದ ಸುತ್ತ ನಿಧಾನವಾಗಿ ತಿರುಗಿಸುವುದು. ನನ್ನಲ್ಲಿ 1911ರ ಒಂದು ಬೆಳ್ಳಿ ರೂಪಾಯಿ ಇದೆ, ಸಂಗ್ರಾಹಕರ ಬಾಯಲ್ಲಿ 'ಹಂದಿ ರೂಪಾಯಿ'. ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಎದೆಯ ಮೇಲೆ ಒಂದು ಪುಟ್ಟ ಆನೆ ಇದೆ. ಅದರ ಸೊಂಡಿಲನ್ನು ಅಚ್ಚು ಕೆತ್ತಿದವನು ಮೋಟು ಮಾಡಿಬಿಟ್ಟ. ಜನ ಅದನ್ನು ಹಂದಿ ಅಂದರು, ಮುಖ್ಯವಾಗಿ ಮುಸ್ಲಿಮರಿಂದ ಆಕ್ಷೇಪ ಬಂತು, ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು ಬಹುಪಾಲು ಕರಗಿಸಿತು. 1912ರ ರೂಪಾಯಿಯಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಮೂವತ್ತು ಮಿಲಿಮೀಟರ್ ಅಗಲದ ನಾಣ್ಯದಲ್ಲಿ ಆ ಪ್ರಾಣಿ ಅಕ್ಕಿಕಾಳಿಗಿಂತ ಚಿಕ್ಕದು. ಅದು ಆನೆಯೋ ಹಂದಿಯೋ ಅನ್ನುವುದನ್ನು ನನ್ನ ಮೇಜಿನ ಮೇಲೆ ಲ್ಯಾಂಪು ತೀರ್ಮಾನಿಸುತ್ತದೆ.

ದೊರೆ ಎಡಕ್ಕೆ ಮುಖ ಮಾಡಿದ್ದಾನೆ. ನಾಣ್ಯವನ್ನು ಗಡಿಯಾರ ಅಂದುಕೊಂಡು ಹತ್ತು ಗಂಟೆಯ ಕಡೆಯಿಂದ ಬೆಳಕು ಬಿಟ್ಟರೆ ಹಣೆ, ಮೂಗು, ಗಡ್ಡ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಎದೆಯ ಮೇಲಿನ ಪ್ರಾಣಿಯ ಮುಂದೆ ಒಂದು ಎಳೆ ನೆರಳು ಬಿದ್ದು, ಮೋಟು ಸೊಂಡಿಲು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಎರಡು ಗಂಟೆಯ ಕಡೆಗೆ ಒಯ್ದರೆ ನೆರಳು ಕರಗಿ ಅಲ್ಲಿ ಒಂದು ಗುಬುಟು ಉಳಿಯುತ್ತದೆ, ಜನ ಸಿಟ್ಟಾದದ್ದು ಸರಿಯೇ ಅನಿಸುತ್ತದೆ. ಆರು ಗಂಟೆಯ ಕಡೆಯಿಂದ ಬಿಟ್ಟರಂತೂ ಅನಾಹುತ: ದೊರೆಯ ಮುಖವೇ ಒಳಕ್ಕೆ ತಗ್ಗಾಗಿ, ನಾಣ್ಯದ ಬದಲು ಅದನ್ನು ಒತ್ತಿದ ಅಚ್ಚು ಕಾಣುತ್ತದೆ. ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಕಣ್ಣು ನಂಬಿ ಕೂತಿದೆ, ಆಕಾಶದ ಕೆಳಗೆ ಬದುಕುವವರಿಗೆ ಅದು ಸಹಜ ತಾನೆ. ಚಂದ್ರನ ಗುಳಿಗಳ ಫೋಟೋ ತಲೆಕೆಳಗು ಹಿಡಿದರೆ ಅವು ಗುಡ್ಡಗಳಾಗುವುದೂ ಇದೇ ಕಾರಣಕ್ಕೆ.

ಬೆಳಕಿನ ಎತ್ತರವೂ ಇಷ್ಟೇ ತಂಟೆಯದು. ಸವೆದ ಕಾಸಿಗೆ ಲ್ಯಾಂಪನ್ನು ಬಗ್ಗಿಸಿ ಮಗ್ಗುಲಿನಿಂದ ಬಿಟ್ಟರೆ ಅಳಿದ ಅಕ್ಷರವೂ ಒಂದಿಷ್ಟು ತಲೆಯೆತ್ತುತ್ತದೆ. ಹೊಸ ನಾಣ್ಯಕ್ಕೆ ಹಾಗೆ ಮಾಡಿದರೆ ಇಲ್ಲದ ಗೀರುಗಳೆಲ್ಲ ಕಂದಕಗಳಾಗುತ್ತವೆ. ಅಚ್ಚಿನ ಪೆಟ್ಟಿಗೆ ಲೋಹ ಅಂಚಿನ ಕಡೆ ಹರಿದಾಗ ಮೂಡಿದ ಸೂಕ್ಷ್ಮ ಗೆರೆಗಳು ಹೊಸ ನಾಣ್ಯದ ಮೈತುಂಬ ಇರುತ್ತವೆ. ನಾಣ್ಯವನ್ನು ಓಲಾಡಿಸಿದರೆ ಬೆಳಕಿನ ಪಟ್ಟೆಗಳು ಗಾಲಿಯ ಕಡ್ಡಿಗಳಾಗಿ ತಿರುಗುವುದು ಅವುಗಳಿಂದಲೇ. ಲ್ಯಾಂಪಿಗೆ ಬಟರ್ ಪೇಪರ್ ಸುತ್ತಿ ಬೆಳಕು ಮೆದುಗೊಳಿಸಿದರೆ ಆ ಗಾಲಿ ನಿಂತುಹೋಗುತ್ತದೆ. ಮೆದು ಬೆಳಕೇ ಒಳ್ಳೆಯ ಬೆಳಕು ಅನ್ನುವ ಮಾತು ಮದುವೆ ಫೋಟೋಗೆ ಸರಿ, ನಾಣ್ಯಕ್ಕೆ ಅರ್ಧ ಸರಿ.

ಕಂಠೀರಾಯ ಹಣದ ಮುಂದೆ ಈ ಯಾವ ಜಾಣತನವೂ ನಡೆಯುವುದಿಲ್ಲ. ಹದಿನೇಳನೇ ಶತಮಾನದ ಕಂಠೀರವ ನರಸರಾಜ ಒಡೆಯರ ಹೆಸರಿನ ಚಿನ್ನದ ಹಣ, ಅಗಲ ಆರು ಮಿಲಿಮೀಟರಿನ ಹತ್ತಿರ, ತೂಕ ಅರ್ಧ ಗ್ರಾಮಿಗಿಂತ ಕಡಿಮೆ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿ ಅಕ್ಷರ. ಇದನ್ನು ತೆಗೆಯುವಾಗ ಫ್ಯಾನ್ ಆರಿಸಿರಬೇಕು, ಸೀನು ಬಂದರೆ ಎದ್ದು ಹೊರಗೆ ಹೋಗಬೇಕು. ಇಷ್ಟು ಚಿಕ್ಕದನ್ನು ಚೌಕಟ್ಟು ತುಂಬಿಸಲು ಲೆನ್ಸನ್ನು ಮೂಗು ತಾಗುವಷ್ಟು ಹತ್ತಿರ ತರಬೇಕು, ತಂದರೆ ಲೆನ್ಸೇ ಬೆಳಕಿಗೆ ಅಡ್ಡ. ಆಗ ನೆರವಿಗೆ ಬರುವುದು ಒಂದು ಚೂರು ಗಾಜು. ನಾಣ್ಯಕ್ಕೂ ಲೆನ್ಸಿಗೂ ನಡುವೆ ಅದನ್ನು ನಲವತ್ತೈದು ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ಬೆಳಕು ಬಿಡುವುದು. ಬೆಳಕಿನ ಹೆಚ್ಚು ಪಾಲು ಗಾಜನ್ನು ತೂರಿ ಆಚೆ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಕೆಳಕ್ಕೆ ತಿರುಗಿ ನಾಣ್ಯದ ಮೇಲೆ ನೆಟ್ಟಗೆ ಬಿದ್ದು, ಬಂದ ದಾರಿಯಲ್ಲೇ ಮೇಲಕ್ಕೆದ್ದು, ಗಾಜನ್ನು ದಾಟಿ ಲೆನ್ಸಿಗೆ ಸೇರುತ್ತದೆ. ದೊಡ್ಡ ನಾಣ್ಯಕ್ಕೆ ಫೋಟೋಗೆ ಕಟ್ಟು ಹಾಕುವ ಅಂಗಡಿಯ ತೆಳು ಗಾಜಿನ ತುಂಡು ಸಾಕು, ಹಣಕ್ಕೆ ಮೈಕ್ರೊಸ್ಕೋಪಿನ ಸ್ಲೈಡೇ ಸರಿಹೋಗುತ್ತದೆ. ಲ್ಯಾಂಪಿನ ಎದುರು ಮಗ್ಗುಲಿಗೆ ಕಪ್ಪು ಬಟ್ಟೆ ತೂಗುಹಾಕಲೇಬೇಕು, ಇಲ್ಲವಾದರೆ ಅಲ್ಲಿಯ ಗೋಡೆ ಗಾಜಿನಲ್ಲಿ ಬಿಂಬಿಸಿ ಚಿತ್ರಕ್ಕೆ ಮಂಜು ಮುಸುಕುತ್ತದೆ. ಬೆಳಕು ಸೋತು ಬರುವುದರಿಂದ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಟೈಮರ್ ಹಾಕಿ ಕೈ ತೆಗೆಯಬೇಕು. ಚಿನ್ನದಲ್ಲಿ ಇನ್ನೊಂದು ಎಚ್ಚರ: ಒಟ್ಟಾರೆ ಬೆಳಕು ಸರಿಯಾಗಿದೆ ಅನಿಸಿದಾಗಲೂ ಕೆಂಪಿನ ಪಾಲು ಮಾತ್ರ ಮಿತಿ ಮೀರಿ ಹರಿದು, ನರಸಿಂಹನ ಮುಖ ಬರಿಯ ಹಳದಿ ಮುದ್ದೆಯಾಗಿರುತ್ತದೆ. ಒಂದು ಮೆಟ್ಟಿಲು ಕಡಿಮೆ ಮಾಡಿದರೆ ದೇವರು ಮರಳಿ ಬರುತ್ತಾನೆ.

ಈ ಗಾಜಿನ ಬೆಳಕಿಗೆ ಇನ್ನೊಂದು ಗುಣವಿದೆ. ಹಳೆಯ ಬೆಳ್ಳಿ ಗಾಳಿಯಲ್ಲಿನ ಗಂಧಕ ತಾಗಿ ಕಪ್ಪಾಗುವ ಮೊದಲು ಅದರ ಮೈಮೇಲೆ ಸಿಲ್ವರ್ ಸಲ್ಫೈಡಿನ ಬಲು ತೆಳುವಾದ ಪೊರೆ ಕಟ್ಟುತ್ತದೆ. ಪೊರೆಯ ಮೇಲಿನಿಂದ ಹಾರಿದ ಬೆಳಕೂ ತಳದಿಂದ ಹಾರಿದ ಬೆಳಕೂ ಕೂಡಿ ಕಳೆದು, ದಪ್ಪ ಇದ್ದ ಹಾಗೆ ಹೊಂಬಣ್ಣ, ನೇರಳೆ, ನೀಲಿ ಹುಟ್ಟುತ್ತವೆ. ಮಳೆ ನಿಂತ ಮೇಲೆ ರಸ್ತೆಯಲ್ಲಿ ಎಣ್ಣೆ ಚೆಲ್ಲಿದ ಕಡೆ ಕಾಣುವ ಬಣ್ಣಗಳೂ ಇದೇ ಜಾತಿಯವು. ಸಂಗ್ರಾಹಕರು ಟೋನಿಂಗ್ ಅಂತ ಕರೆದು ಇದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಈ ಬಣ್ಣಗಳು ಪ್ರತಿಫಲಿಸಿದ ಬೆಳಕಿನ ದಾರಿಯಲ್ಲಿ ಕಣ್ಣಿಟ್ಟವರಿಗಷ್ಟೇ ಕಾಣುತ್ತವೆ. ಲ್ಯಾಂಪು ಓರೆಯಲ್ಲಿದ್ದರೆ ಬರೀ ಬೂದು.

ನಮ್ಮ ಅಮ್ಮನಿಗೆ ಟೋನಿಂಗ್ ಅಂದರೆ ಕೊಳೆ. ದೇವರ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ 1862ರ ರೂಪಾಯಿಗಳಿದ್ದವು, ಲಕ್ಷ್ಮೀಪೂಜೆಗೆ ಇಡುತ್ತಿದ್ದವು. ರಾಣಿಯ ಕಿವಿಯ ಹಿಂದೆ ಈಗಲೂ ಕುಂಕುಮ ಉಳಿದಿದೆ. ನಾನು ಅವುಗಳಲ್ಲಿ ಒಂದನ್ನು ಅಂಚು ಹಿಡಿದು ಗಾಜಿನ ಕೆಳಗೆ ಇಡುವಾಗ ಅಮ್ಮ ಹತ್ತಿರ ಬಂದು ನೋಡಿದರು. "ಇಷ್ಟೆಲ್ಲ ಯಾಕೋ ಒದ್ದಾಡ್ತೀಯಾ? ಒಂದ್ ಚೂರು ಹುಣಸೆಹಣ್ಣು, ಒಂದ್ ಚಿಟಿಕೆ ವಿಭೂತಿ ಕೊಡು. ಎರಡು ನಿಮಿಷಕ್ಕೆ ಫಳಫಳ ಮಾಡಿ ಕೊಡ್ತೀನಿ." ತಿಕ್ಕಿದರೆ ಪೊರೆಯ ಜೊತೆ ಬೆಳ್ಳಿಯೂ ಹೋಗುತ್ತೆ, ಮೈತುಂಬ ಗೀರಾಗುತ್ತೆ, ಬೆಲೆ ಅರ್ಧವಾಗುತ್ತೆ ಅಂದೆ. ಅಮ್ಮ ಬೆಲೆಯ ಮಾತಿಗೆ ಮಾತ್ರ ತಲೆದೂಗಿ, ಪರದೆಯ ಮೇಲೆ ನೇರಳೆ ನೀಲಿಯಾಗಿ ಅರಳಿದ ರಾಣಿಯನ್ನು ಸ್ವಲ್ಪ ಹೊತ್ತು ನೋಡಿ, "ಇವಳಿಗೆ ಇಷ್ಟು ಬಣ್ಣ ಯಾವಾಗ ಬಂತು?" ಅಂದರು.

ಅದೇ ರೂಪಾಯಿಯನ್ನು ಗಾಜಿನ ಕೆಳಗೆ ಒಮ್ಮೆ, ಬರೀ ಲ್ಯಾಂಪಿನಲ್ಲಿ ಒಮ್ಮೆ ತೆಗೆದು, ಎರಡನ್ನೂ ಅಕ್ಕಪಕ್ಕ ಜೋಡಿಸಿ ಹುಬ್ಬಳ್ಳಿಯ ಗೆಳೆಯರಿಗೆ ಕಳಿಸಿದೆ. ನಲವತ್ತು ವರ್ಷದಿಂದ ನಾಣ್ಯ ಕೂಡಿಡುತ್ತಿರುವವರು, ಭೂತಗನ್ನಡಿ ಇಲ್ಲದೆ ಮನೆ ಬಿಡದವರು. ಐದು ನಿಮಿಷದೊಳಗೆ ಫೋನ್ ಬಂತು.

"ಎಡಗಡೇದು ಭಾಳ ಚೊಲೊ ಐತ್ರಿ. ಬಲಗಡೇದು ನೀವ ಇಟ್ಕೊರಿ, ಅಂಥಾವು ನನ್ನ ಕಡೆ ಮೂರ್ನಾಕು ಅದಾವ. ಎಡಗಡೇದಕ್ಕ ಎಷ್ಟ್ ಹೇಳ್ತೀರಿ?"

ಎರಡೂ ಒಂದೇ ಅಂದೆ.

"ಹೌದೇನ್ರಿ? ಹಂಗಾರ ಮೊದಲ ನಿಮ್ಮ ಲ್ಯಾಂಪಿಗೆ ಎಷ್ಟ್ ಕೊಟ್ರಿ ಅದನ್ನ ಹೇಳ್ರಿ."