ಹೊಳಿ ಬಂದಾಗ ಬೇಕಾದ ಯಾದಿ

ಜುಗೂಳದವರು ಮಳೆಗೆ ಹೆದರುವುದಿಲ್ಲ. ಹೆದರುವುದು ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ನೀರು ಬರುತ್ತಿದೆ ಎಂಬ ಸುದ್ದಿಗೆ. ನಮ್ಮ ಅಂಗಳದಲ್ಲಿ ಬಿಸಿಲಿರಲಿ, ಮಹಾಬಳೇಶ್ವರ, ಕೊಯ್ನಾ ಕಡೆ ಹೊಡೆದ ಮಳೆಯೆಲ್ಲ ಕೃಷ್ಣೆಗಿಳಿದು ನಮ್ಮ ಬಾಗಿಲಿಗೇ ಬರುತ್ತದೆ. ಆಚೆ ದಂಡೆಯ ಖಿದ್ರಾಪುರ ಮಹಾರಾಷ್ಟ್ರ, ಈಚೆ ಕರ್ನಾಟಕದಲ್ಲಿ ನಾವು. ನೀರು ಕಬ್ಬಿನ ಹೊಲಕ್ಕೆ ಬಂದಾಗ ಗಂಟು ಕಟ್ಟುವುದು, ಓಣಿಗೆ ಬಂದಾಗ ಎದ್ದು ಹೊರಡುವುದು, ಇದು ಕಾಲಿದ್ದವರ ರೂಢಿ. ನನಗೆ ಆ ರೂಢಿ ಹೊಂದುವುದಿಲ್ಲ.

ತೊಡೆಯ ಮೇಲಿನ ಕೂಸಾಗಿದ್ದಾಗಲೇ ನನಗೆ ಪೋಲಿಯೊ ಆಯಿತು. ಪಲ್ಸ್ ಪೋಲಿಯೊ ಹನಿ ನಮ್ಮ ದೇಶದಲ್ಲಿ ಶುರುವಾದದ್ದು 1995ರಲ್ಲಿ. ಅಷ್ಟೊತ್ತಿಗೆ ನಾನು ಓಣಿಯ ಹೆಣ್ಣುಮಕ್ಕಳಿಗೆ ಜಂಪರ್ ಹೊಲಿದುಕೊಟ್ಟು ದುಡಿಯುತ್ತಿದ್ದೆ. ಎರಡೂ ಕಾಲಿಗೆ ಬಲವಿಲ್ಲ. ಮನೆಯೊಳಗೆ ಕೈಯೂರಿ ಸರಿದಾಡುತ್ತೇನೆ, ಹೊರಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್. 2005ರ ಹೊಳಿಯಲ್ಲಿ ಅಪ್ಪ ಇದ್ದ, ಎತ್ತಿನ ಗಾಡಿಯೂ ಇತ್ತು, ಹೇಗೋ ಪಾರಾದೆ. 2019ಕ್ಕೆ ಅಪ್ಪನೂ ಇರಲಿಲ್ಲ, ಎತ್ತೂ ಇರಲಿಲ್ಲ.

ಆ ವರ್ಷದ ಆಗಸ್ಟ್ ಮೊದಲ ವಾರ ನೀರು ಏರಿದ ರೀತಿ ಹಿರಿಯರೂ ಕಂಡಿರಲಿಲ್ಲ. ರಸ್ತೆಯ ಮೇಲೆ ನೀರು ಬಂದು ದಾರಿ ಕಟ್ಟಾದ ಮೇಲೆ ಬೋಟು ಬಂತು. ತಮ್ಮನ ಮಗ ಓಡಿ ಬಂದು, "ಅತ್ತಿ, ಬೋಟ್ ಬಂದೈತಿ, ನನ್ನ ಬೆನ್ನಿಗೆ ಬಾ" ಅಂದ. ಟೊಂಕಮಟ ನೀರಿನಲ್ಲಿ ಸಕ್ಕರೆ ಚೀಲ ಹೊತ್ತಂತೆ ಹೊತ್ತ. ಸೈಕಲ್ಲನ್ನೂ ಹಾಕಿಕೊಳ್ಳಿ ಎಂದು ಬೇಡಿದೆ. "ಬ್ಯಾಡ್ರಿ ಅಕ್ಕಾರ, ಮಂದೀಗಿ ಜಾಗಾ ಇಲ್ಲ" ಅಂದರು. ಅವರ ಮಾತೂ ಖರೆ. ಆದರೆ ಆ ಸೈಕಲ್ ನನ್ನ ಕಾಲು ಎಂಬುದು ಅವರಿಗೆ ತಿಳಿದಿರಲಿಲ್ಲ, ತಿಳಿಸುವಷ್ಟು ಹೊತ್ತೂ ಇರಲಿಲ್ಲ. ಬೇವಿನ ಮರಕ್ಕೆ ಕಟ್ಟಿ ಬಿಟ್ಟೆವು. ಬೋಟಿನ ಅಂಚಿನ ಮೇಲೆ ಕೂರಲು ನನಗಾಗುವುದಿಲ್ಲ, ತಳದಲ್ಲಿ ನೀರಿನಲ್ಲೇ ಕೂತೆ. ಅದೇ ವಾರ ಸಾಂಗಲಿ ಜಿಲ್ಲೆಯ ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಮಂದಿ ತುಂಬಿದ ದೋಣಿ ಮಗುಚಿ ಹಲವರು ಸತ್ತರು. ಆ ಸುದ್ದಿ ಕೇಳಿದ ಮೇಲೆ ಬೋಟಿನವರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಎತ್ತರದ ಊರೊಂದರ ಶಾಲೆಯಲ್ಲಿ ನಮ್ಮನ್ನು ಇಟ್ಟರು. ಸರ್ಕಾರದ ಕಾಗದದಲ್ಲಿ ಪರಿಹಾರ ಕೇಂದ್ರ, ನಮ್ಮ ಬಾಯಲ್ಲಿ ಗಂಜಿ ಕೇಂದ್ರ. ಅನ್ನ, ಸಾರು, ಚಾದರ ಎಲ್ಲ ಸಿಕ್ಕಿತು. ಊರವರು ರೊಟ್ಟಿ ಬಡಿದು ತಂದು ಕೊಟ್ಟರು, ಅವರ ಋಣ ದೊಡ್ಡದು. ನನಗೆ ಬೇಕಾದದ್ದು ಒಂದೇ, ಅದೇ ಇರಲಿಲ್ಲ. ಸಂಡಾಸು ಮೈದಾನದ ಆಚೆ ಮೂಲೆಗೆ, ನಡುವೆ ಮೊಣಕಾಲುದ್ದ ರಾಡಿ. ಅಲ್ಲಿಗೆ ಯಾರಾದರೂ ಹೊತ್ತೊಯ್ದರೂ ಕುಕ್ಕರಗಾಲಲ್ಲಿ ಕೂರುವ ಸಂಡಾಸು ನನಗೆ ನಡೆಯುವುದಿಲ್ಲ. ಕೈಯೂರಿ ಸರಿಯಬೇಕಾದ ನೆಲದ ಮೇಲೆ ಅಷ್ಟೂ ಮಂದಿಯ ಹೊಲಸು. ನಾನು ನೀರು ಕುಡಿಯುವುದನ್ನು ಬಿಟ್ಟೆ. ಸಂಜೆಯ ಮೇಲೆ ಊಟವನ್ನೂ ಬಿಟ್ಟೆ. ರಾತ್ರಿ ಎಲ್ಲ ಮಲಗಿದ ಮೇಲೆ ತಮ್ಮನ ಹೆಂಡತಿ, ಇನ್ನೊಬ್ಬ ಮುದುಕಿ ಸೇರಿ ಖೋಲಿಯ ಹಿಂದೆ ಸೀರೆ ಮರೆ ಹಿಡಿಯುತ್ತಿದ್ದರು. ಹಗಲು ಎಂಥಾ ಒತ್ತಡ ಬಂದರೂ ತಡೆಯುವುದೇ. ಸುತ್ತ ಗಂಡಸರು, ಪರ ಊರವರು, ಫೋಟೊ ತೆಗೆಯಲು ಬಂದವರು. ಹರೆಯದಲ್ಲೂ ಯಾರ ಮುಂದೂ ಕಣ್ಣೀರು ಹಾಕದವಳು ನಾನು, ಅಲ್ಲಿ ಗೋಡೆಗೆ ಮುಖ ಮಾಡಿ ಅತ್ತೆ.

ಕಡೆಗೆ ತಮ್ಮನ ಮಗನೇ ಒಂದು ಉಪಾಯ ಮಾಡಿದ. ಎಲ್ಲಿಂದಲೋ ಹಳೆಯ ಪ್ಲಾಸ್ಟಿಕ್ ಕುರ್ಚಿ ತಂದು, ಕುಡಗೋಲು ಕಾಸಿ ನಡುವೆ ತೂತು ಕೊರೆದ. ಕೆಳಗೆ ಬಕೆಟ್. ಅಂಚು ಒರಟಾಗಿ ತೊಡೆ ಗೀಚುತ್ತಿತ್ತು, ಆದರೂ ಮನುಷ್ಯಳಂತೆ ಕೂತೆ. ಆದರೆ ಅಷ್ಟರಲ್ಲಿ ಮೂತ್ರದ ಉರಿ ಹತ್ತಿ ಜ್ವರ ಬಂದಿತ್ತು. ನೀರು ಇಳಿದ ಮೇಲೆ ಮಿರಜಿಗೆ ಒಯ್ದರು. ನಮ್ಮ ಕಡೆಯವರಿಗೆ ದವಾಖಾನೆ ಎಂದರೆ ಮಿರಜೇ. ಡಾಕ್ಟರ್ ಮರಾಠಿಯಲ್ಲಿ, ನೀರು ಯಾಕೆ ಕುಡಿಯಲಿಲ್ಲ ಎಂದು ಬೈದರು. ಏನೆಂದು ಹೇಳಲಿ?

ಮನೆಗೆ ಬಂದಾಗ ಸೈಕಲ್ ರಾಡಿಯಲ್ಲಿ ಹೂತಿತ್ತು, ಚೈನು ತುಕ್ಕು ಹಿಡಿದಿತ್ತು. ಹೊಲಿಗೆ ಮಷಿನ್ನಿನದೂ ಅದೇ ಗತಿ. ಟ್ರಂಕಿನಲ್ಲಿದ್ದ ಅಂಗವಿಕಲರ ಸರ್ಟಿಫಿಕೇಟು ಮುಟ್ಟಿದರೆ ಮುದ್ದೆ. ಆ ವರ್ಷ ಸರ್ಕಾರ ತುರ್ತು ಪರಿಹಾರಕ್ಕೆ ₹10,000, ಪೂರ್ತಿ ಬಿದ್ದ ಮನೆಗೆ ₹5 ಲಕ್ಷ ಎಂದು ಹೇಳಿತ್ತು. ಬರೆದುಕೊಳ್ಳಲು ಬಂದವರು ಗೋಡೆ ನೋಡಿದರು, ಎಮ್ಮೆ ಕೇಳಿದರು, ಬೆಳೆ ಕೇಳಿದರು. ನಾನು ಸೈಕಲ್ ತೋರಿಸಿದೆ. ಅವರ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹೊಸ ಸೈಕಲ್ಲಿಗೆ ಅರ್ಜಿ ಹಾಕಲು ಸರ್ಟಿಫಿಕೇಟು ಬೇಕು, ಈಗ ಅದರ ಬದಲು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು. ನಮ್ಮ ಕಾಗವಾಡ ತಾಲ್ಲೂಕು ಆದದ್ದೇ 2018ರಲ್ಲಿ, ಎಷ್ಟೋ ಕೆಲಸಕ್ಕೆ ಆಗಲೂ ಹಳೆಯ ತಾಲ್ಲೂಕಾದ ಅಥಣಿಗೇ ಓಡಬೇಕಿತ್ತು. ನನ್ನನ್ನು ಅಲ್ಲಿಂದಲೂ ಬೆಳಗಾವಿಗೆ ಕಳಿಸಿದರು. ಅಂಗವಿಕಲರ ಬಸ್ ಪಾಸು ಆಗ ವರ್ಷಕ್ಕೆ ₹660, ಓಡಾಟ 100 ಕಿ.ಮೀ. ಒಳಗೆ. ಕಾಗವಾಡದಿಂದ ಬೆಳಗಾವಿ ಅದನ್ನು ದಾಟುತ್ತದೆ. ನಮ್ಮ ಜಿಲ್ಲೆಯ ಊರಿಗೇ ನಮ್ಮ ಪಾಸು ಮುಟ್ಟುವುದಿಲ್ಲ ಎಂಬ ತಮಾಷೆ ಯಾವ ಸಾಹೇಬರಿಗಾದರೂ ಹೊಳೆದಿದೆಯೋ ಇಲ್ಲವೋ. ಅಲ್ಲಿ ಕಾಲು ಎತ್ತಿಸಿ, ಇಳಿಸಿ, ಅಳೆದು ಶೇಕಡಾ ಬರೆದರು. ಆ ಅಂಕಿಯ ಮೇಲೆ ಎಲ್ಲ ನಿಂತಿದೆ. 75ರ ಕೆಳಗಾದರೆ ಆಗ ಪಿಂಚಣಿ ತಿಂಗಳಿಗೆ ₹600 (2021ರಲ್ಲಿ ₹800 ಆಯಿತು), 75 ಮತ್ತು ಅದರ ಮೇಲಾದರೆ ₹1,400. ಅರ್ಜಿ ಹಾಕಿದ ಒಂದು ತಿಂಗಳಲ್ಲಿ ಸರ್ಟಿಫಿಕೇಟು ಕೊಡಬೇಕೆಂದು 2017ರ ನಿಯಮದಲ್ಲಿ ಆಗ ಇತ್ತು. ನನ್ನ ಕಾರ್ಡು ಅಂಚೆಯಲ್ಲಿ ಬರುವಷ್ಟರಲ್ಲಿ ಲಾಕ್‌ಡೌನ್ ಬಂದು ಹೋಗಿತ್ತು.

ಆ ಕಾರ್ಡನ್ನು ಕೈಗೆ ಸಿಗುವಂತೆ ಮಾಡಿದವನು ನಮ್ಮ ಭಾಗದ ಪುನರ್ವಸತಿ ಕಾರ್ಯಕರ್ತ. ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರ ಕೆಲಸ ನೋಡಲು ಅಂಗವಿಕಲರನ್ನೇ ಗೌರವಧನದ ಮೇಲೆ ಇಟ್ಟುಕೊಳ್ಳುವ ವ್ಯವಸ್ಥೆ ಕರ್ನಾಟಕದಲ್ಲಿದೆ. ನನ್ನ ಕೇಳಿದರೆ ಸರ್ಕಾರ ನಮಗಾಗಿ ಮಾಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಜಾಣ ಕೆಲಸ, ಅವರಿಗೆ ಕೊಡುವ ಹಣ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಅವನಿಗೂ ಒಂದು ಕಾಲು ಸಣ್ಣದು. ಗಂಜಿ ಕೇಂದ್ರದ ಸಂಗತಿ ನಾನು ಹೇಳಿದ್ದು ಅವನೊಬ್ಬನ ಮುಂದೆ. ಕೇಳಿ ಅವನು ಮರುಗಲಿಲ್ಲ, "ಅಕ್ಕಾ, ಇದಕ್ಕ ಕಾಯ್ದೆ ಐತಿ" ಅಂದ.

ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಂ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡಿರಬೇಕು, ಅಪಾಯ ಬರುವ ಮುಂಚೆ ಅವರಿಗೆ ತಿಳಿಸಲು ತಕ್ಕ ವ್ಯವಸ್ಥೆ ಮಾಡಬೇಕು. ಪಿಂಚಣಿಯ ಯಾದಿಯಲ್ಲಿ ನಾನಿದ್ದೆ, ರೇಷನ್ ಯಾದಿಯಲ್ಲಿದ್ದೆ, ವೋಟಿನ ಯಾದಿಯಲ್ಲಿದ್ದೆ. ಬೋಟಿನವರ ಕೈಯಲ್ಲಿ ಮಾತ್ರ ಯಾವ ಯಾದಿಯೂ ಇರಲಿಲ್ಲ.

ಗ್ರಾಮ ಪಂಚಾಯಿತಿಗಳು ತಮ್ಮ ಹಣದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು, ನಮಗೇ ಎಂದು ವಿಶೇಷ ಗ್ರಾಮಸಭೆ ಕರೆಯಬೇಕು. ಆ ಹಣ ಎಷ್ಟೋ ಕಡೆ ಇಳಿಜಾರು ಕಟ್ಟೆಯಾಗಿ ಮುಗಿಯುತ್ತದೆ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಇರಬೇಕಾದ ಕಟ್ಟೆಯನ್ನು ನಾನು ಹೋಗುವ ಒಂದು ಕಚೇರಿಯಲ್ಲಿ ನಾಲ್ಕೇ ಅಡಿಗೆ ಮುಗಿಸಿದ್ದಾರೆ. ಅದರ ಮೇಲೆ ಸಿಬ್ಬಂದಿಯ ಬೈಕು ಸಲೀಸಾಗಿ ಏರುತ್ತದೆ. ನಮ್ಮ ವಿಶೇಷ ಗ್ರಾಮಸಭೆಯಲ್ಲಿ ನಾನು ಕಟ್ಟೆ ಕೇಳಲಿಲ್ಲ. ತೂತಿನ ಕುರ್ಚಿ ಕೇಳಿದೆ. ಮುಂದಿನ ಸಾಲಿನ ಹುಡುಗರು ನಕ್ಕರು. "ನಗಬ್ಯಾಡ್ರಿ, ನಿಮ್ಮವ್ವಗೂ ವಯಸ್ಸಾಕ್ಕೈತಿ" ಅಂದೆ. ಕಮೋಡ್ ಕುರ್ಚಿಗೆ ಠರಾವಾಯಿತು.

ಯಾದಿಯನ್ನು ಆ ಕಾರ್ಯಕರ್ತನೇ ಮನೆಮನೆಗೆ ಹೋಗಿ ನೋಟಬುಕ್ಕಿನಲ್ಲಿ ಬರೆದ. ಹೆಸರು, ಶೇಕಡಾ ಬರೆದು ಸುಮ್ಮನಾಗಲಿಲ್ಲ. ಯಾರಿಗೆ ಏನು ಬೇಕು ಎಂದು ಬರೆದ. ಕಿವಿ ಕೇಳದ ಒಬ್ಬನ ಮುಂದೆ, ಮೈಕಿನಲ್ಲಿ ಕೂಗಿದರೆ ಪ್ರಯೋಜನವಿಲ್ಲ, ಒಳಗೆ ಹೋಗಿ ಮೈ ಮುಟ್ಟಿ ಎಬ್ಬಿಸಬೇಕು ಎಂದು. ಬುದ್ಧಿ ಬೆಳೆಯದ ಹುಡುಗನ ಮುಂದೆ, ತಾಯಿಯನ್ನು ಬಿಟ್ಟು ಬೋಟು ಹತ್ತಿಸಬೇಡಿ ಎಂದು. ನನ್ನ ಮುಂದೆ, ಸೈಕಲ್ ಜೊತೆಗೆ, ರಸ್ತೆ ಮುಳುಗುವ ಮುಂಚೆ.

2021ರ ಜುಲೈ ಕೊನೆಗೆ ಮತ್ತೆ ಹೊಳಿ ಬಂತು. ನೀರು ಇನ್ನೂ ಕಬ್ಬಿನ ಹೊಲದಲ್ಲಿದ್ದಾಗಲೇ ಫೋನು ಬಂತು, ಹಿಂದೆಯೇ ಟ್ರ್ಯಾಕ್ಟರ್. ಟ್ರಾಲಿಯಲ್ಲಿ ನಾನು, ಸೈಕಲ್, ಕಮೋಡ್ ಕುರ್ಚಿ. ಈ ಸಲದ ಹೆಸರು ಕಾಳಜಿ ಕೇಂದ್ರ. ಬಾಗಿಲ ಹತ್ತಿರದ ಖೋಲಿ ಕೊಟ್ಟರು. ಕುರ್ಚಿಗೆ ಮರೆ ಕಟ್ಟಿದ್ದು ಹಳೆಯ ಬ್ಯಾನರಿನಿಂದ, ಆದರೂ ಮರೆ ಮರೆಯೇ. ಹೊಟ್ಟೆ ತುಂಬ ನೀರು ಕುಡಿದೆ. ಮೊದಲ ದಿನ ಸಂಜೆಗೇ ನಾಲ್ಕು ಮುದುಕಿಯರು, ಒಬ್ಬ ಬಾಣಂತಿ ಆ ಕುರ್ಚಿಗೆ ಪಾಳಿ ಹಚ್ಚಿದರು. 2019ರಲ್ಲಿ ಅವರಂಥವರೆಲ್ಲ ಹೇಗೆ ದಿನ ಕಳೆದಿರಬೇಕು ಎಂದು ಆಗ ಲಕ್ಷ್ಯಕ್ಕೆ ಬಂತು.

ಆ ನೋಟಬುಕ್ ಇರುವುದು ಒಬ್ಬನ ಕೈಯಲ್ಲಿ. ಅವನು ಕೆಲಸ ಬಿಟ್ಟರೆ, ಅವನ ಮನೆಗೇ ನೀರು ಹೊಕ್ಕರೆ? ಪ್ರತಿ ವರ್ಷ ಜೂನ್‌ಗೆ ಮುಂಚೆ ಅದನ್ನು ತಿದ್ದಬೇಕು, ಒಂದು ಪ್ರತಿ ತಾಲ್ಲೂಕಿನಲ್ಲಿ, ಒಂದು ಬೋಟಿನವರ ಕೈಯಲ್ಲಿ ಇರಬೇಕು ಎಂದು ಅರ್ಜಿ ಬರೆದುಕೊಟ್ಟಿದ್ದೇನೆ. ಸ್ವೀಕೃತಿ ಕೊಟ್ಟಿದ್ದಾರೆ. ಹಿಂಬರಹ ಇನ್ನೂ ಬಂದಿಲ್ಲ. ಮುಂದಿನ ವಿಶೇಷ ಗ್ರಾಮಸಭೆಯಲ್ಲಿ ಮತ್ತೆ ಕೇಳುವವಳಿದ್ದೇನೆ.