ಮೆಂತ್ಯದ ಕಹಿಯೂ ಹಾಲಿನ ಕೆನೆಯೂ

ಉತ್ತರ ಹಿಂದೂಸ್ಥಾನದ ಕೆನೆ ಬೆರೆತ ವ್ಯಂಜನಗಳೆಂದರೆ ಅವು ಹೋಟೆಲುಗಳ ಸೊತ್ತು, ಮದುವೆಮನೆಯ ಬಾಣಸಿಗರ ವಿದ್ಯೆ, ಸಾಮಾನ್ಯ ಗೃಹಿಣಿಯ ಕೈಗೆ ನಿಲುಕತಕ್ಕವಲ್ಲ ಎಂಬ ಭಾವನೆಯೊಂದು ನಮ್ಮ ಕನ್ನಡ ಮನೆಗಳಲ್ಲಿ ಬೇರೂರಿರುವುದುಂಟು. ಹೋಟೆಲಿನಲ್ಲಿ ಬಡಿಸುವ ಪದಾರ್ಥವನ್ನು ನೋಡಿದವರಿಗೆ ಈ ಭಾವನೆ ಹುಟ್ಟುವುದು ಸಹಜವೇ. ಅಲ್ಲಿ ತರಕಾರಿ ಯಾವುದಾದರೂ ರಸ ಮಾತ್ರ ಒಂದೇ. ಬಟಾಣಿಗೂ ಅದೇ, ಪನೀರಿಗೂ ಅದೇ, ಅಣಬೆಗೂ ಅದೇ. ಬೆಳಿಗ್ಗೆಯೇ ಮಾಡಿಟ್ಟ ಆ ರಸಕ್ಕೆ ಕೇಳಿದವರು ಕೇಳಿದ ತರಕಾರಿಯನ್ನು ಹಾಕಿ, ಮೇಲೆ ಒಂದು ಎಳೆ ಕೆನೆಯನ್ನು ಸುರಿದರೆ ಹೆಸರೂ ಬೇರೆಯಾಯಿತು, ಬೆಲೆಯೂ ಬೇರೆಯಾಯಿತು. ಆದರೆ ದಿಲ್ಲಿಯಲ್ಲಿ ಇಪ್ಪತ್ತು ವರ್ಷ ಸಂಸಾರ ನಡೆಸಿದ ನಾವು ವಾಚಕರಲ್ಲಿ ಅರಿಕೆಮಾಡಿಕೊಳ್ಳುವುದೇನೆಂದರೆ, ಮನೆಯವರು ಮನೆಯವರಿಗಾಗಿ ಮಾಡುವ ಕೆನೆಯ ಅಡಿಗೆ ಬೇರೆಯೇ ಒಂದು ಉಂಟು. ಅದರಲ್ಲಿ ಆಡಂಬರವಿಲ್ಲ, ವೆಚ್ಚವೂ ಅಷ್ಟಿಲ್ಲ. ಬೇಕಾದುದು ಸಣ್ಣ ಉರಿ ಮತ್ತು ಸ್ವಲ್ಪ ತಾಳ್ಮೆ. ಅಂಥವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದು ‘ಮೇಥಿ ಮಟರ್ ಮಲಾಯಿ’, ಎಂದರೆ ಮೆಂತ್ಯದ ಸೊಪ್ಪು, ಹಸಿಬಟಾಣಿ ಮತ್ತು ಕೆನೆ.

ಇದು ಚಳಿಗಾಲದ ಅಡಿಗೆ. ಡಿಸೆಂಬರು ತಿಂಗಳು ಬಂತೆಂದರೆ ದಿಲ್ಲಿಯ ಆಜಾದ್‌ಪುರದ ಸಗಟು ಮಾರುಕಟ್ಟೆಗೆ ಹಸಿಬಟಾಣಿಯ ಚೀಲಗಳು ಬಂದಿಳಿಯುತ್ತವೆ; ಅಲ್ಲಿಂದ ತಳ್ಳುಗಾಡಿಗಳ ಮೇಲೆ ನಮ್ಮ ಬೀದಿಗಳಿಗೆ ಬರುತ್ತವೆ. ಅದರ ಪಕ್ಕದಲ್ಲಿಯೇ ಮಂಜಿನಿಂದ ಒದ್ದೆಯಾದ ಮೆಂತ್ಯದ ಸೊಪ್ಪಿನ ಕಂತೆಗಳು. ಬಟಾಣಿಯ ವಿಚಾರದಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಗಿಡದಿಂದ ಕಿತ್ತ ಕ್ಷಣದಿಂದಲೇ ಕಾಳಿನೊಳಗಿನ ಸಕ್ಕರೆಯು ಹಿಟ್ಟಾಗುತ್ತ ಹೋಗುವುದು. ಆದುದರಿಂದ ತಂದ ದಿನವೇ ಸುಲಿದು ಬೇಯಿಸಿದ ಬಟಾಣಿಯ ಸಿಹಿ ನಾಲ್ಕು ದಿನ ಇಟ್ಟ ಬಟಾಣಿಗೆ ಬಾರದು. ನಮ್ಮ ಮೈಸೂರು ಸೀಮೆಯ ಸೊಗಡಿನ ಅವರೆಕಾಯಿಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಕೆನೆ. ಇದನ್ನು ಅಂಗಡಿಯಿಂದ ಪೊಟ್ಟಣದಲ್ಲಿ ತರುವ ಅಗತ್ಯವಿಲ್ಲ. ದಿಲ್ಲಿಯಲ್ಲಿ 1974ರಲ್ಲಿ ಮದರ್ ಡೈರಿಯು ಸ್ಥಾಪಿತವಾಯಿತು. ಬೀದಿಯ ಮೂಲೆಯ ಹಾಲಿನ ಕಟ್ಟೆಯಲ್ಲಿ ಹಾಲು ಕೊಳ್ಳುವುದು ಇಲ್ಲಿನ ಸಂಸಾರಗಳ ದಿನಚರಿಯಾಗಿದೆ. ‘ಫುಲ್ ಕ್ರೀಮ್’ ಎಂದು ಮಾರುವ ಹಾಲಿನಲ್ಲಿ ಶೇಕಡಾ 6ರಷ್ಟು ಕೊಬ್ಬು ಇರಬೇಕೆಂದು ನಿಯಮವುಂಟು. ಅಂಥ ಹಾಲನ್ನು ಕಾಯಿಸಿ, ಉಕ್ಕಿದ ಮೇಲೆ ಕೆಲವು ನಿಮಿಷ ಸಣ್ಣ ಉರಿಯಲ್ಲಿ ಬಿಟ್ಟು, ಅಲುಗಿಸದೆ ಆರಿಸಿ, ಆಮೇಲೆ ತಣ್ಣಗಿರುವೆಡೆ ಇಟ್ಟರೆ ಬೆಳಗಾಗುವುದರೊಳಗೆ ದಪ್ಪನಾದ ಕೆನೆ ಕಟ್ಟಿರುವುದು. ಎರಡು ದಿನದ ಕೆನೆ ಒಂದು ವ್ಯಂಜನಕ್ಕೆ ಸಾಕು. ಅದಕ್ಕಿಂತ ಹಳೆಯದು ಹುಳಿಯಾಗತೊಡಗುವುದರಿಂದ ಬೆಣ್ಣೆ ತೆಗೆಯುವುದಕ್ಕೆ ಯೋಗ್ಯವೇ ಹೊರತು ಬಿಸಿ ರಸಕ್ಕಲ್ಲ, ಹಾಕಿದರೆ ಒಡೆಯುವುದು.

ಈ ಅಡಿಗೆಯು ನಮ್ಮ ಮನೆಗೆ ಬಂದ ಬಗೆಯನ್ನು ಹೇಳದೆ ಅದರ ಕ್ರಮವನ್ನು ಮಾತ್ರ ಹೇಳಿದರೆ ಅರ್ಧ ಹೇಳಿದಂತಾದೀತು. ನಮ್ಮ ಮಾವನವರು ತೀರಿಕೊಂಡ ವರ್ಷ, ಹಾಸನದ ಕಡೆಯ ಹಳ್ಳಿಯಿಂದ ನಮ್ಮ ಅತ್ತೆಯವರನ್ನು ದಿಲ್ಲಿಗೆ ಕರೆತಂದೆವು. ಐವತ್ತು ವರ್ಷ ತಾವೇ ಯಜಮಾನಿಯಾಗಿ ನಡೆಸಿದ ಅಡಿಗೆಮನೆಯನ್ನು ಬಿಟ್ಟು, ಭಾಷೆ ತಿಳಿಯದ ಊರಿನ ಮೂರನೆಯ ಅಂತಸ್ತಿನಲ್ಲಿ ಅವರು ಅತಿಥಿಯಂತೆ ಕುಳಿತರು. ನೀರುಳ್ಳಿ ಬೆಳ್ಳುಳ್ಳಿಗಳನ್ನು ಅವರು ಮುಟ್ಟರು. ನಮ್ಮ ಮನೆಯ ಹೊರಗೆ ಏನನ್ನೂ ಉಣ್ಣರು. ನಾವು ಅವರಿಗೆಂದೇ ಊರಿನ ಹುಳಿ, ಗೊಜ್ಜು, ಮಜ್ಜಿಗೆಹುಳಿಗಳನ್ನು ಮಾಡಿ ಬಡಿಸಿದರೂ ಎರಡು ತುತ್ತು ಉಂಡು ಕೈತೊಳೆಯುವರು. ಚಳಿಗಾಲ ಬರುವ ವೇಳೆಗೆ ಬಳೆಗಳು ಮೊಣಕೈವರೆಗೆ ಸರಿಯುವಷ್ಟು ಅವರ ಕೈಗಳು ಸೊರಗಿದ್ದವು. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ರೋಗವೇನೂ ಕಾಣುವುದಿಲ್ಲವೆಂದರು. ಅತ್ತೆಯವರು ಮಾತ್ರ, “ನನ್ನನ್ನು ಊರಿಗೆ ಕಳಿಸಿಬಿಡಮ್ಮ, ಅಲ್ಲಿ ಒಂದು ಹೊತ್ತು ಉಂಡರೂ ಇರುತ್ತೇನೆ” ಎನ್ನುವರು. ಊರಿನ ಮನೆಗೆ ಬೀಗ ಬಿದ್ದಿತ್ತು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಈ ಮಾತನ್ನು ಕೇಳಿದಾಗಲೆಲ್ಲ ನಮ್ಮವರು ಎದ್ದು ಬಿಸಿಲುಮಚ್ಚಿಗೆ ಹೋಗಿಬಿಡುತ್ತಿದ್ದರು.

ನಮ್ಮ ನೆರೆಮನೆಯಲ್ಲಿ ಒಬ್ಬ ಪಂಜಾಬಿ ವೃದ್ಧೆಯಿದ್ದಾರೆ. ಬೀದಿಯವರೆಲ್ಲ ಅವರನ್ನು ಬೀಜಿ ಎಂದು ಕರೆಯುತ್ತಾರೆ; ಪಂಜಾಬಿನಲ್ಲಿ ಮನೆಯ ಹಿರಿಯಳಿಗೆ ಸಲ್ಲುವ ಹೆಸರದು. ಅವರು ಹುಟ್ಟಿದುದು ಕಸೂರಿನಲ್ಲಿ. ಆ ಊರು ಲಾಹೋರಿಗೆ ದಕ್ಷಿಣದಲ್ಲಿದೆ. ಸಂತಕವಿ ಬುಲ್ಲೇ ಷಾನ ಸಮಾಧಿಯಿರುವ ಊರು. 1947ರಲ್ಲಿ ದೇಶವು ಎರಡಾದಾಗ ಅದು ಪಾಕಿಸ್ತಾನಕ್ಕೆ ಸೇರಿತು. ಆರು ವರ್ಷದ ಹುಡುಗಿಯಾಗಿದ್ದ ಬೀಜಿ ತಾಯಿಯ ಸೆರಗು ಹಿಡಿದು ಫಿರೋಜಪುರದ ಮಾರ್ಗವಾಗಿ ಈಚೆಗೆ ಬಂದರು. ನಮ್ಮ ಸೋದರಿಯರು ಅಂಗಡಿಯಲ್ಲಿ ಕೊಳ್ಳುವ ‘ಕಸೂರಿ ಮೇಥಿ’ ಎಂಬ ಒಣಸೊಪ್ಪಿಗೆ ಆ ಹೆಸರು ಬಂದುದು ಇದೇ ಊರಿನಿಂದ. ಈಗ ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ರಾಜಸ್ಥಾನದ ನಾಗೌರ್ ಸೀಮೆಯಲ್ಲಿ. ಹೆಸರು ಮಾತ್ರ ಹಳೆಯ ಊರಿನದೇ. “ನಾನೂ ಹಾಗೆಯೇ” ಎಂದು ಬೀಜಿ ನಗುತ್ತಾರೆ.

ಒಂದು ದಿನ ಮಧ್ಯಾಹ್ನ ಬೀಜಿ ಬಟಾಣಿಯ ಬುಟ್ಟಿಯನ್ನು ಹಿಡಿದು ಬಿಸಿಲುಮಚ್ಚಿಗೆ ಬಂದರು. ದಿಲ್ಲಿಯ ಚಳಿಗಾಲದಲ್ಲಿ ಮಧ್ಯಾಹ್ನದ ಬಿಸಿಲು ಎಲ್ಲರಿಗೂ ಬೇಕಾದ ವಸ್ತು. ಅತ್ತೆಯವರು ಆಗಲೇ ಅಲ್ಲಿ ಶಾಲು ಹೊದ್ದು ಕುಳಿತಿದ್ದರು. ಅವರಿಗೆ ಹಿಂದಿ ಬಾರದು, ಇವರಿಗೆ ಕನ್ನಡ ಬಾರದು. ಬೀಜಿ “ಬಹನ್‌ಜೀ” ಎಂದಷ್ಟೇ ಹೇಳಿ ಬುಟ್ಟಿಯನ್ನು ನಡುವೆ ಇಟ್ಟರು. ಅವರೆಕಾಯಿ ಸುಲಿದು ಪಳಗಿದ ಕೈ ಸುಮ್ಮನಿರುವುದುಂಟೆ? ಅರ್ಧ ಗಂಟೆಯಲ್ಲಿ ಇಬ್ಬರೂ ಸೇರಿ ಬುಟ್ಟಿಯನ್ನು ಬರಿದುಮಾಡಿದರು. ಆಮೇಲೆ ಬೀಜಿ ಸೊಪ್ಪಿನ ಕಂತೆಯನ್ನು ಬಿಚ್ಚಿದಾಗ ಅತ್ತೆಯವರು ಒಂದೆಲೆಯನ್ನು ಕಿವುಚಿ ಮೂಸಿನೋಡಿ, “ಇದು ನಮ್ಮ ಮೆಂತ್ಯವೇ ಕಣಮ್ಮ! ಇದಕ್ಕೆ ಇವರು ಏನು ಹಾಕುತ್ತಾರೆ ಕೇಳು” ಎಂದರು. ಕೆನೆಯೆಂದು ಹೇಳಿದೆವು. ಮೆಂತ್ಯಕ್ಕೆ ತೊಗರಿಬೇಳೆಯನ್ನೂ ಹುಣಿಸೆಹುಳಿಯನ್ನೂ ಕೂಡಿಸಿ ಬಲ್ಲ ಅವರಿಗೆ ಇದು ವಿಚಿತ್ರವಾಗಿ ತೋರಿತು. ಅತ್ತೆಯವರು ನೀರುಳ್ಳಿ ತಿನ್ನರೆಂದು ತಿಳಿದ ಬೀಜಿ, ನವರಾತ್ರಿಯಲ್ಲಿ ತಮ್ಮ ಮನೆಯಲ್ಲಿಯೂ ಅದು ವರ್ಜ್ಯವೆಂದೂ, ಗೋಡಂಬಿ ಗಸಗಸೆಗಳನ್ನು ಅರೆದು ಹಾಕಿದರೆ ನೀರುಳ್ಳಿಯ ಹಂಗೇ ಬೇಡವೆಂದೂ ಹೇಳಿ ಕ್ರಮವನ್ನು ವಿವರಿಸಿದರು. ಆ ಸಂಜೆ ನಮ್ಮ ಒಲೆಯ ಮೇಲೆ, ನಮ್ಮ ಪಾತ್ರೆಯಲ್ಲಿ ಅದನ್ನು ಮಾಡಿದೆವು.

ಕ್ರಮವು ಹೀಗೆ. ನಾಲ್ಕು ಜನರಿಗೆ ಅರ್ಧ ಕಿಲೋ ಬಟಾಣಿಕಾಯಿ ಬೇಕು. ಸುಲಿದರೆ ಕಾಲು ಕಿಲೋಗೆ ಸ್ವಲ್ಪ ಕಡಮೆ ಕಾಳು ಬರುವುದು. ಬಿಡಿಸಿದ ಮೆಂತ್ಯದೆಲೆ ಎರಡು ಬಟ್ಟಲು. ದಂಟನ್ನು ಸೇರಿಸಲಾಗದು, ಅದು ಬಾಯಿಗೆ ಒರಟು. ಎಲೆಯನ್ನು ತೊಳೆದು ಸಣ್ಣಗೆ ಹೆಚ್ಚಿ, ಅರ್ಧ ಚಮಚ ಉಪ್ಪನ್ನು ಬೆರಸಿ ಕಾಲು ಗಂಟೆ ಇಡಬೇಕು. ಉಪ್ಪು ನೀರನ್ನು ಹೊರಕ್ಕೆಳೆಯುವುದು. ಆ ನೀರಿನೊಡನೆ ಕಹಿಯ ಒಂದು ಪಾಲೂ ಹೋಗುವುದು. ಸೊಪ್ಪನ್ನು ಹಗುರವಾಗಿ ಹಿಂಡಿ ತೆಗೆದುಕೊಂಡು, ಹಿಂಡಿದ ನೀರನ್ನು ಚೆಲ್ಲದೆ ಚಪಾತಿಯ ಹಿಟ್ಟನ್ನು ಕಲಸಲು ಬಳಸುವುದು ಬೀಜಿಯ ಪದ್ಧತಿ. ಕಹಿಯೆಲ್ಲ ಹೋಗುವಷ್ಟು ಹಿಂಡತಕ್ಕದ್ದಲ್ಲ. ಕಹಿಯೇ ಇಲ್ಲದ ಮೆಂತ್ಯ ಬರಿಯ ಹುಲ್ಲು.

ಹದಿನೈದು ಗೋಡಂಬಿ, ಒಂದು ದೊಡ್ಡ ಚಮಚ ಗಸಗಸೆ, ಎರಡು ದೊಡ್ಡ ಚಮಚ ಸುಲಿದ ಕರಬೂಜದ ಬೀಜ—ಇವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದು ಚೂರು ಶುಂಠಿ, ಎರಡು ಹಸಿಮೆಣಸಿನಕಾಯಿಗಳೊಡನೆ ಬೆಣ್ಣೆಯಂತೆ ನುಣ್ಣಗೆ ಅರೆಯಬೇಕು. ಗೋಡಂಬಿಯನ್ನು ಕಂಡು ಅತ್ತೆಯವರು, “ಇದು ನಮ್ಮ ಮಂಗಳೂರಿನದಲ್ಲವೆ?” ಎಂದರು. ಹೌದು, ಆದರೆ ಅದಕ್ಕೂ ಹಿಂದೆ ಅದು ಬ್ರೆಜಿಲ್ ದೇಶದ್ದು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಮೆಣಸಿನಕಾಯಿಯೂ ಅವರ ಹಡಗಿನಲ್ಲಿಯೇ ಬಂದುದು. ರಾಜರ ಅಡಿಗೆಯೆಂದು ಹೆಸರಾದ ಬಿಳಿಯ ರಸದೊಳಗೂ ಹೀಗೆ ಹೊರಗಿನಿಂದ ಬಂದವರೇ ಕುಳಿತಿದ್ದಾರೆ.

ಕಾಳನ್ನು ಬೇರೆಯಾಗಿ, ಚಿಟಿಕೆ ಸಕ್ಕರೆ ಹಾಕಿದ ಕುದಿನೀರಿನಲ್ಲಿ, ಮುಚ್ಚಳ ಹಾಕದೆ ಐದಾರು ನಿಮಿಷ ಬೇಯಿಸಿ, ಕೂಡಲೇ ತಣ್ಣೀರಿಗೆ ಹಾಕಿದರೆ ಹಸುರು ಕೆಡದು. ಬಾಣಲೆಯಲ್ಲಿ ಎರಡು ಚಮಚ ತುಪ್ಪವನ್ನು ಕಾಯಿಸಿ ಜೀರಿಗೆ, ಎರಡು ಏಲಕ್ಕಿ, ಎರಡು ಲವಂಗ, ಒಂದು ಚೂರು ಚಕ್ಕೆ, ಚಿಟಿಕೆ ಇಂಗು ಹಾಕಿ, ಹಿಂಡಿದ ಸೊಪ್ಪನ್ನು ಹಸಿವಾಸನೆ ಹೋಗುವವರೆಗೆ ಬಾಡಿಸಬೇಕು. ಆಮೇಲೆ ಅರೆದುದನ್ನು ಹಾಕಿ, ಉರಿಯನ್ನು ತಗ್ಗಿಸಿ, ಸೌಟಾಡಿಸುತ್ತಲೇ ಇರಬೇಕು. ಅದು ಬೇಗ ತಳಹಿಡಿಯುವುದು. ಒಮ್ಮೆ ಹತ್ತಿದರೆ ಬಿಳಿಯ ಬಣ್ಣವೂ ಹೋಯಿತು, ರುಚಿಯೂ ಹೋಯಿತು. ಅಂಚಿನಲ್ಲಿ ತುಪ್ಪ ಬಿಡಲು ಎಂಟು ಹತ್ತು ನಿಮಿಷಗಳಾದರೂ ಬೇಕು. ಅನಂತರ ಒಂದು ಬಟ್ಟಲು ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬೆರಸಿ, ಕಾಳನ್ನು ಹಾಕಿ, ಐದು ನಿಮಿಷ ಮೆಲ್ಲಗೆ ಕುದಿಸಬೇಕು. ಸೊಪ್ಪಿನಲ್ಲಿ ಆಗಲೇ ಉಪ್ಪಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕತಕ್ಕದ್ದು. ಅರಿಸಿನ ಬೇಡ. ಹುಳಿಯಂತೂ ಸರ್ವಥಾ ಬೇಡ. ಹುಳಿಯೂ ಹೆಚ್ಚು ಬಿಸಿಯೂ ಕೂಡಿದರೆ ಹಾಲು ಒಡೆಯುವುದು. ಕಟ್ಟಕಡೆಗೆ, ಒಲೆಯನ್ನು ಆರಿಸಿದ ಮೇಲೆ, ಅರ್ಧ ಬಟ್ಟಲು ಕೆನೆಯನ್ನು ಕದಡಿ ಬೆರಸಿದರೆ ಮುಗಿಯಿತು. ಕೆನೆಯ ಕೊಬ್ಬು ನಾಲಗೆಯ ಮೇಲೆ ಹರಡಿ ಕಹಿಯ ಮೊನೆಯನ್ನು ತಗ್ಗಿಸುವುದು. ಕಹಿ ಅಲ್ಲಿಯೇ ಇರುವುದು. ಆದರೆ ನಾಲಗೆ ಅದನ್ನು ದೂರುವುದಿಲ್ಲ.

ಆ ರಾತ್ರಿ ಬಿಸಿ ಚಪಾತಿಯೊಡನೆ ಬಡಿಸಿದೆವು. ಅತ್ತೆಯವರು ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು. “ಕಹಿ ಇದೆ” ಎಂದರು. ನಾವು ತಟ್ಟೆಯನ್ನು ತೆಗೆಯಲು ಹೋದಾಗ, “ಇರಲಿ ಬಿಡು, ಚೆನ್ನಾಗಿಯೇ ಇದೆ” ಎಂದು ಎರಡು ಚಪಾತಿ ತಿಂದರು. ಅಂದಿನಿಂದಲೇ ಅವರಿಗೆ ಹಸಿವು ಮರಳಿತೆಂದು ಹೇಳಿದರೆ ವಾಚಕರು ನಂಬಬೇಕಾಗಿಲ್ಲ. ಹಾಗೆ ಆಗಲೂ ಇಲ್ಲ. ಆದುದು ಮತ್ತೊಂದು. ಮರುದಿನ ಬೆಳಿಗ್ಗೆ ನಾವು ಎದ್ದು ಬರುವ ವೇಳೆಗೆ ಅತ್ತೆಯವರು ಅಡಿಗೆಮನೆಯಲ್ಲಿ ನಿಂತು, ಹಾಲಿನ ಪಾತ್ರೆಯಿಂದ ಕೆನೆಯನ್ನು ಹರಿಯದಂತೆ ಒಂದೇ ಹಾಳೆಯಾಗಿ ಎತ್ತುತ್ತಿದ್ದರು. “ನೀನು ಹಾಲನ್ನು ಅವಸರದಲ್ಲಿ ಕಾಯಿಸುತ್ತೀ. ಇನ್ನು ಮೇಲೆ ಹಾಲಿನ ಕೆಲಸ ನನಗೆ ಬಿಡು” ಎಂದರು. ಬಿಟ್ಟೆವು. ಹಾಲಿನಿಂದ ಕೆನೆ, ಕೆನೆಯಿಂದ ಬೆಣ್ಣೆ, ಬೆಣ್ಣೆಯಿಂದ ತುಪ್ಪ—ಒಂದೊಂದಾಗಿ ಅವರ ಕೈಗೆ ಹೋದವು. ತಾವೇ ಕಾಸಿದ ತುಪ್ಪವೆಂದು ಅನ್ನಕ್ಕೆ ಒಂದು ಚಮಚ ಹೆಚ್ಚು ಬಡಿಸಿಕೊಂಡರು. ಊರಿಗೆ ಕಳಿಸೆಂಬ ಮಾತು ನಿಲ್ಲಲಿಲ್ಲ; ಆದರೆ ವಾರಕ್ಕೊಮ್ಮೆಯಾಗಿ, ಆಮೇಲೆ ಹಬ್ಬಕ್ಕೊಮ್ಮೆಯಾಯಿತು. ನಾವು ಅವರಿಗೆ ಅದುವರೆಗೆ ಬಡಿಸಿದುದು ಅವರ ಊರಿನ ಊಟವೇ. ಅವರು ಕಳೆದುಕೊಂಡಿದ್ದುದು ಊಟವನ್ನಲ್ಲ, ಸೌಟನ್ನು.

ಮುಂದಿನ ಸಂಕ್ರಾಂತಿಗೆ ಊರಿನಿಂದ ಬಂದ ಬಂಧುಗಳೊಬ್ಬರು ಒಂದು ಚೀಲ ಅವರೆಕಾಯಿಯನ್ನು ತಂದರು. ಅತ್ತೆಯವರೂ ಬೀಜಿಯೂ ಅದೇ ಬಿಸಿಲಿನಲ್ಲಿ ಕುಳಿತು ಸುಲಿದರು. ನೆನೆಸಿದ ಕಾಳನ್ನು ಹಿತಕುವ ವಿದ್ಯೆಯನ್ನು ಅತ್ತೆಯವರು ಬೀಜಿಯ ಬೆರಳನ್ನೇ ಹಿಡಿದು ಕಲಿಸಿದರು. ಬಟಾಣಿಗೆ ಬದಲಾಗಿ ಹಿತಕಿದ ಬೇಳೆಯನ್ನು ಹಾಕಿ ಅದೇ ಮೆಂತ್ಯ, ಅದೇ ಕೆನೆಯಲ್ಲಿ ಮಾಡಿದೆವು. ಬೀಜಿ ಎರಡು ಸಲ ಹಾಕಿಸಿಕೊಂಡರು.

ನಮ್ಮ ಸೋದರಿಯರು ಈ ಚಳಿಗಾಲದಲ್ಲಿ ಇದನ್ನು ಮಾಡಿನೋಡಬಹುದು. ಉಳಿದರೆ ಮರುದಿನ ಗಟ್ಟಿಯಾಗಿರುವುದು. ಎರಡು ಚಮಚ ಹಾಲು ಬೆರಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸರಿಹೋಗುವುದು. ಮನೆಯಲ್ಲಿ ಹಿರಿಯರು ಇದ್ದರೆ ಬಟಾಣಿಯನ್ನು ಸುಲಿದು ತರಬೇಡಿರಿ. ಕಾಯಿಯನ್ನೇ ತಂದು ಅವರ ಮುಂದೆ ಇಡಿರಿ.